ಕೊಂಡುಕುರಿಗೆ ಬೇಕಾದ ಲೆನ್ಸ್ ಮೀನಿಗೆ ಬೇಡ

ಚಿತ್ರದುರ್ಗದಿಂದ ಕಾಲೇಜು ಉಪನ್ಯಾಸಕಿಯೊಬ್ಬರು ಹೀಗೆ ಬರೆದಿದ್ದಾರೆ:

"ಸರ್, ಐದಾರು ವರ್ಷದಿಂದ ಹಕ್ಕಿ, ಪ್ರಾಣಿಗಳ ಫೋಟೊ ತೆಗೆಯುತ್ತಿದ್ದೇನೆ. ಜೋಗಿಮಟ್ಟಿ, ಕೊಂಡಜ್ಜಿ, ರಂಗಯ್ಯನದುರ್ಗ ನಮ್ಮ ಕಾಯಂ ಜಾಗಗಳು. ಕ್ಯಾನನ್‌ನ ಕ್ರಾಪ್ ಸೆನ್ಸರ್ ಡಿಎಸ್‌ಎಲ್‌ಆರ್ ಇದೆ. ಜೊತೆಗೆ 18-55, 55-250 ಮತ್ತು 50 ಮಿ.ಮೀ. ಎಫ್/1.8 ಲೆನ್ಸ್‌ಗಳಿವೆ. ಡಿಸೆಂಬರ್‌ನಲ್ಲಿ ಮನೆಮಂದಿಯೆಲ್ಲ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದಲ್ಲಿ ಸ್ನಾರ್ಕೆಲಿಂಗ್ (ಉಸಿರಿನ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲುತ್ತಾ ಒಳಗೆ ನೋಡುವುದು) ಮಾಡುವ ಯೋಚನೆ ಇದೆ. ನೀರೊಳಗೆ ಯಾವ ಲೆನ್ಸ್ ಬೇಕು? ಅಂಗಡಿಯವರು 100 ಮಿ.ಮೀ. ಮ್ಯಾಕ್ರೋ ತಗೊಳ್ಳಿ ಅಂತಾರೆ. ನನ್ನ ತಮ್ಮ, 'ಮೀನು ದೂರ ಇರ್ತವೆ, ನಿನ್ನ 55-250 ಸಾಕು, ಒಂದು ವಾಟರ್‌ಪ್ರೂಫ್ ಚೀಲ ತಗೋ' ಅಂತಾನೆ. ಗೆಳತಿಯೊಬ್ಬಳು 10-18 ವೈಡ್ ಲೆನ್ಸ್ ಹೇಳಿದಳು. ಮೂವತ್ತು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಲೆನ್ಸ್ ತಗೊಂಡು ಆಮೇಲೆ ಪಶ್ಚಾತ್ತಾಪ ಪಡಬಾರದು. ಇನ್ನೊಂದು ಮಾತು, ನನಗೆ ಕನ್ನಡಕ ಇದೆ, ಮೈನಸ್ ಎರಡೂವರೆ. ನೀರೊಳಗೆ ಏನಾದರೂ ಕಾಣುತ್ತಾ?"

ಮೇಡಂ, ಲೆನ್ಸ್ ಕೊಳ್ಳುವ ಮೊದಲೇ ಬರೆದಿರಿ, ಅದು ಒಳ್ಳೆಯದಾಯಿತು. ನಾನು ದಾವಣಗೆರೆಯಲ್ಲಿ ಕ್ಯಾಮೆರಾ ರಿಪೇರಿ ಮಾಡುವವನು. ಮಳೆಗಾಲ ಮುಗಿದು ಕರಾವಳಿ ಪ್ರವಾಸ ಶುರುವಾದರೆ ನನ್ನ ಟೇಬಲ್ ಮೇಲೆ ಉಪ್ಪುನೀರು ಕುಡಿದ ಕ್ಯಾಮೆರಾಗಳು ಬಂದು ಕೂರುತ್ತವೆ. ಅವುಗಳಲ್ಲಿ ಬದುಕುವುದು ಕಡಿಮೆ. ವರ್ಷಕ್ಕೊಮ್ಮೆ ನಾನೂ ನೇತ್ರಾಣಿಗೆ ಹೋಗಿ ನೀರಿಗೆ ಬೀಳುತ್ತೇನೆ. ಹಾಗಾಗಿ ಈ ವಿಷಯದ ಎರಡೂ ಬದಿ ನನಗೆ ಗೊತ್ತು.

ನಿಮ್ಮ ನಿಜವಾದ ಚಿಂತೆ ಲೆನ್ಸ್ ಒಂದೇ ಅಲ್ಲ ಅನಿಸುತ್ತದೆ. ಮೀನು ಸಿಕ್ಕರೂ ಫೋಟೊ ಮಸುಕಾಗಿ, ನೀಲಿಯಾಗಿ, ಚುಕ್ಕೆ ಚುಕ್ಕೆಯಾಗಿ ಬಂದರೆ ಏನು ಮಾಡುವುದು, ಹಾಕಿದ ದುಡ್ಡು ನೀರುಪಾಲಾದರೆ ಏನು ಗತಿ, ಅಲ್ವಾ? ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ತಮ್ಮ ಹೇಳಿದ್ದು ನೆಲದ ಮೇಲೆ ಸರಿ. ರಂಗಯ್ಯನದುರ್ಗದಲ್ಲಿ ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ನಿಮ್ಮನ್ನು ಕಂಡ ಕೂಡಲೇ ಪೊದೆ ಸೇರುತ್ತದೆ. ಅದಕ್ಕೆ ಉದ್ದ ಲೆನ್ಸ್, ಅಂದರೆ ಮಿ.ಮೀ. ಸಂಖ್ಯೆ ದೊಡ್ಡದಿರುವ, ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಬೇಕು. ನಡುವೆ ಇರುವುದು ಗಾಳಿ, ಅದು ನಿಮ್ಮ ಫೋಟೊಗೆ ಹೆಚ್ಚು ಅಡ್ಡ ಬರುವುದಿಲ್ಲ. ನೀರು ಹಾಗಲ್ಲ. ನೀರಿನಲ್ಲಿ ಮರಳಿನ ಪುಡಿ, ಪಾಚಿಯ ಚೂರು, ಕಣ್ಣಿಗೆ ಕಾಣದ ಜೀವಿಗಳು ತೇಲುತ್ತಿರುತ್ತವೆ. ಮೀನು ಮೂರು ಮೀಟರ್ ದೂರದಲ್ಲಿದ್ದರೆ ನೀವು ಮೂರು ಮೀಟರ್ ದಪ್ಪದ ಮಂಜಿನಾಚೆ ಫೋಟೊ ತೆಗೆದ ಹಾಗೆ. ಜೂಮ್ ಮಾಡಿದರೆ ಮೀನು ದೊಡ್ಡದಾಗಿ ಕಾಣುತ್ತದೆ ನಿಜ. ಆದರೆ ನಡುವಿನ ಮಂಜು ಅಷ್ಟೇ ಇರುತ್ತದೆ. ಆ ಮೂರು ಮೀಟರ್ ನೀರನ್ನು ತೆಗೆದುಹಾಕಲು ಇರುವ ದಾರಿ ಒಂದೇ, ಹತ್ತಿರ ಹೋಗುವುದು. ಹತ್ತಿರ ಹೋದ ಮೇಲೂ ಇಡೀ ಮೀನು ಚೌಕಟ್ಟಿನಲ್ಲಿ ಸಿಗಬೇಕಾದರೆ ಅಗಲ ನೋಟದ ಲೆನ್ಸ್ ಬೇಕು. ನೀರೊಳಗೆ ವೈಡ್ ಲೆನ್ಸ್ ಬಳಸುವುದು ಸಮುದ್ರ ಎಷ್ಟು ದೊಡ್ಡದು ಅಂತ ತೋರಿಸಲು ಅಲ್ಲ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಲು.

ಬಣ್ಣದ ಲೆಕ್ಕವೂ ಇದೇ. ನೀರು ಮೊದಲು ಕೆಂಪನ್ನು ತಿನ್ನುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಐದು ಮೀಟರ್ ಹೊತ್ತಿಗೆ ಕೆಂಪಿನ ಬಹುಪಾಲು ಹೋಗಿರುತ್ತದೆ. ಇದು ಬರೀ ಆಳದ ಮಾತು ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ, ಬೆಳಕು ನೀರಿನಲ್ಲಿ ಒಟ್ಟು ಎಷ್ಟು ದೂರ ನಡೆಯಿತು ಅನ್ನುವುದು ಲೆಕ್ಕ. ಮೀನು ಎರಡು ಮೀಟರ್ ಆಳದಲ್ಲಿದೆ, ನೀವು ಅದರಿಂದ ಮೂರು ಮೀಟರ್ ದೂರದಲ್ಲಿದ್ದೀರಿ ಅಂದರೆ ಬೆಳಕು ಐದು ಮೀಟರ್ ನಡೆದಂತಾಯಿತು. ಅದೇ ಮೀನಿನಿಂದ ಅರ್ಧ ಮೀಟರ್ ದೂರದವರೆಗೆ ಹೋದರೆ ಎರಡೂವರೆ ಮೀಟರ್ ಅಷ್ಟೇ. ಅಷ್ಟು ಕೆಂಪು ವಾಪಸ್ ಬಂತು, ಒಂದು ಪೈಸೆ ಖರ್ಚಿಲ್ಲದೆ.

ಇನ್ನು ಗಾಜಿನ ವಿಷಯ. ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ. ಲೆನ್ಸ್ ಅಂಗಡಿಯಲ್ಲಿ ಯಾರೂ ಹೇಳದ ಮಾತು ಇದು.

ನಿಮ್ಮೂರ ಕೋಟೆಯ ಅಕ್ಕ ತಂಗಿ ಹೊಂಡ ನೋಡಿದ್ದೀರಿ. ತಿಳಿನೀರು ಇರುವ ಇಂಥ ಯಾವುದೇ ಹೊಂಡದಲ್ಲಿ ಮುಳುಗಿದ ಮೆಟ್ಟಿಲು ಮೇಲೆ ಎದ್ದು ಬಂದ ಹಾಗೆ ಕಾಣುತ್ತದೆ. ಕಾಲಿಟ್ಟರೆ ಇನ್ನೂ ಆಳ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಹೀಗಾಗುತ್ತದೆ. ಕ್ಯಾಮೆರಾವನ್ನು ನೀರು ನುಗ್ಗದ ಡಬ್ಬಿಯಲ್ಲಿಟ್ಟು, ಮುಂದೆ ಚಪ್ಪಟೆ ಗಾಜು ಹಾಕಿದರೆ ಇದೇ ಆಟ. ವಸ್ತು ಮೂರನೇ ಒಂದು ಪಾಲು ದೊಡ್ಡದಾಗಿ, ಕಾಲು ಪಾಲು ಹತ್ತಿರವಾಗಿ ಕಾಣುತ್ತದೆ. ಅಂದರೆ ಯಾವುದೇ ಲೆನ್ಸ್ ನೀರಿಗೆ ಇಳಿದ ಕೂಡಲೇ 1.33 ಪಟ್ಟು ಉದ್ದವಾದ ಹಾಗೆ. ನಿಮ್ಮ 18 ಮಿ.ಮೀ. ಮೂಲೆಯಿಂದ ಮೂಲೆಗೆ ಸುಮಾರು 74 ಡಿಗ್ರಿ ನೋಡುತ್ತದೆ. ಚಪ್ಪಟೆ ಗಾಜಿನ ಹಿಂದೆ, ನೀರಿನಲ್ಲಿ, ಅದು 54ರ ಆಸುಪಾಸಿಗೆ ಇಳಿಯುತ್ತದೆ. 10 ಮಿ.ಮೀ. ಲೆನ್ಸಿನ 107 ಡಿಗ್ರಿ 75ರ ಹತ್ತಿರಕ್ಕೆ ಬರುತ್ತದೆ. ಗಮನಿಸಿ, ದುಡ್ಡು ಕೊಟ್ಟು ತಂದ ವೈಡ್ ಲೆನ್ಸನ್ನು ಚಪ್ಪಟೆ ಗಾಜಿನ ಹಿಂದೆ ಇಟ್ಟರೆ, ನಿಮ್ಮ 18-55 ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವಂಥದ್ದು) ಒಣ ನೆಲದ ಮೇಲೆ ನೋಡುವಷ್ಟೇ ನೋಟ ಸಿಗುತ್ತದೆ. ಮೇಲಿಂದ ಮೂಲೆಗಳು ಎಳೆದಂತಾಗಿ, ಅಂಚಿನಲ್ಲಿ ಬಣ್ಣದ ಗೆರೆಗಳು ಬೇರೆ.

ಇದಕ್ಕೆ ಪರಿಹಾರ ಅರ್ಧ ಚೆಂಡಿನ ಆಕಾರದ ಗಾಜು. ಡೋಮ್ ಅಂತಾರೆ. ಲೆನ್ಸ್ ಅದರ ನಡುಮಧ್ಯಕ್ಕೆ ಸರಿಯಾಗಿ ಕೂತರೆ ಬೆಳಕು ಎಲ್ಲ ಕಡೆಯಿಂದಲೂ ನೇರ ಒಳಗೆ ಬರುತ್ತದೆ, ಪೂರ್ತಿ ಅಗಲ ವಾಪಸ್ ಸಿಗುತ್ತದೆ. ಆದರೆ ಡೋಮ್‌ಗೂ ಒಂದು ಚಾಳಿ ಇದೆ. ನೀರೊಳಗೆ ಡೋಮ್ ತಾನೇ ಒಂದು ಲೆನ್ಸಿನಂತೆ ಕೆಲಸ ಮಾಡಿ, ಎದುರಿನ ಇಡೀ ದೃಶ್ಯವನ್ನು ಗಾಜಿನ ಮುಂದೆಯೇ ಪುಟ್ಟ ಬೊಂಬೆಯಾಟದ ಹಾಗೆ ನಿಲ್ಲಿಸುತ್ತದೆ. ಆರು ಇಂಚು ಅಗಲದ ಡೋಮ್ ಆದರೆ ಎಷ್ಟೇ ದೂರದ ವಸ್ತುವೂ ಗಾಜಿನಿಂದ ಸುಮಾರು 22 ಸೆಂ.ಮೀ. ಮುಂದೆ ಇದ್ದ ಹಾಗೆ ಕ್ಯಾಮೆರಾಗೆ ಕಾಣುತ್ತದೆ. ಹತ್ತಿರದ ಮೀನು ಇನ್ನೂ ಹತ್ತಿರ. ಅಷ್ಟು ಹತ್ತಿರಕ್ಕೆ ಫೋಕಸ್ ಆಗದ ಲೆನ್ಸ್ ಅಲ್ಲಿ ಕುರುಡು.

ಈಗ ನಿಮ್ಮ ಲೆನ್ಸ್‌ಗಳನ್ನು ಇದರ ಎದುರು ನಿಲ್ಲಿಸಿ ನೋಡೋಣ. 55-250 ಫೋಕಸ್ ಆಗಲು ಒಂದು ಮೀಟರ್ ಹತ್ತಿರ ಹತ್ತಿರ ದೂರ ಬೇಕು. ಡೋಮ್ ಹಿಂದೆ ಅದು ಎಲ್ಲಿಗೂ ಫೋಕಸ್ ಆಗುವುದಿಲ್ಲ. ಚಪ್ಪಟೆ ಗಾಜಿನ ಹಿಂದೆ ಫೋಕಸ್ ಆಗಬಹುದು, ಆದರೆ ಸಿಗುವುದು ಮಂಜಿನ ಫೋಟೊ. 50 ಮಿ.ಮೀ. ನಿಮ್ಮ ಚಿಕ್ಕ (ಕ್ರಾಪ್) ಸೆನ್ಸರ್ ಮೇಲೆ 80ರ ಹಾಗೆ, ನೀರಿನಲ್ಲಿ 106ರ ಹಾಗೆ. ಮನೆಯವರೊಬ್ಬರ ಮುಖ ಒಂದೇ ಹಿಡಿಯಲು ನಾಲ್ಕೈದು ಅಡಿ ಹಿಂದೆ ಸರಿಯಬೇಕು. ಅದರ ಎಫ್/1.8 ಕೂಡ ನೀರೊಳಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಡೋಮ್ ಹಿಂದೆ ಮೂಲೆಗಳು ಚೊಕ್ಕಟವಾಗಿ ಬರಲು ಅಪರ್ಚರ್ ಅನ್ನು, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯನ್ನು, ಎಫ್/8ರಿಂದ 11ರವರೆಗೆ ಕಿರಿದು ಮಾಡಲೇಬೇಕು. ಡಿಸೆಂಬರ್ ಮಧ್ಯಾಹ್ನದ ಬಿಸಿಲಿನಲ್ಲಿ, ಮೇಲ್ಭಾಗದ ಎರಡು ಮೂರು ಮೀಟರ್‌ನಲ್ಲಿ, ಅದಕ್ಕೆ ಸಾಕಷ್ಟು ಬೆಳಕು ಇರುತ್ತದೆ.

ಅಂಗಡಿಯವರ ಮ್ಯಾಕ್ರೋ ಸಲಹೆ ಪೂರ್ತಿ ತಪ್ಪು ಅಂತ ಹೇಳಲಾರೆ. ಸ್ಕೂಬಾ ಮಾಡುವವರು ತಳದಲ್ಲಿ ಸ್ಥಿರವಾಗಿ ನಿಂತು ಬೆರಳುಗಾತ್ರದ ಜೀವಿಗಳನ್ನು ಮ್ಯಾಕ್ರೋದಲ್ಲಿ ತೆಗೆಯುತ್ತಾರೆ, ಚಪ್ಪಟೆ ಗಾಜಿನ ಹಿಂದೆ. ಅವರಿಗೆ ಅದು ಒಳ್ಳೆಯ ಲೆನ್ಸ್. ನೀವು ಮಾತ್ರ ಲೈಫ್ ಜಾಕೆಟ್ ಹಾಕಿಕೊಂಡು ಅಲೆಯ ಮೇಲೆ ತೇಲುತ್ತಿರುತ್ತೀರಿ. ಮ್ಯಾಕ್ರೋದಲ್ಲಿ ಫೋಕಸ್ ಇರುವ ಪದರ ಕೆಲವು ಮಿಲಿಮೀಟರ್, ಅಲೆ ನಿಮ್ಮನ್ನು ಅರ್ಧ ಅಡಿ ಎತ್ತಿ ಇಳಿಸುತ್ತಿರುತ್ತದೆ. ಸುಮ್ನೆ ಕಾರ್ಡ್ ತುಂಬುತ್ತದೆ ಅಷ್ಟೇ.

ಉಳಿದದ್ದು 10-18. ನಿಮ್ಮ ಗೆಳತಿಯ ಮಾತು ಈ ಮೂವರಲ್ಲಿ ಸತ್ಯಕ್ಕೆ ಹತ್ತಿರ. ಅದು ಸೆನ್ಸರ್‌ನಿಂದ 22 ಸೆಂ.ಮೀ. ಹತ್ತಿರದವರೆಗೂ ಫೋಕಸ್ ಆಗುತ್ತದೆ, ಹಗುರ ಇದೆ, ಡೋಮ್ ಹಿಂದೆ ಚೆನ್ನಾಗಿ ಕೂರುತ್ತದೆ. ಮುಳುಗುವ ಹವ್ಯಾಸಿಗಳು ಬಹಳ ವರ್ಷ ಪ್ರೀತಿಯಿಂದ ಬಳಸಿದ್ದು ಟೋಕಿನಾದ 10-17 ಫಿಶ್‌ಐ. ಅದು ನೇರ ಗೆರೆಗಳನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತದೆ. ಆದರೆ ಸಮುದ್ರದೊಳಗೆ ಕಂಬ, ಗೋಡೆ ಎಲ್ಲಿವೆ? ಹವಳದ ಬಂಡೆ ಬಾಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಂಚಿನಲ್ಲಿ ಮನೆಯವರ ಮುಖ ಬಂದರೆ ಮಾತ್ರ ಮನಸ್ತಾಪ ಖಂಡಿತ.

ಆದರೂ ನಾನು ನಿಮಗೆ ಈ ಸಲ ಯಾವ ಲೆನ್ಸೂ ತಗೊಳ್ಳಬೇಡಿ ಅಂತಲೇ ಹೇಳುತ್ತೇನೆ. ಯಾಕೆ ಅಂದರೆ ಖರ್ಚು ಇರುವುದು ಲೆನ್ಸಿನಲ್ಲಿ ಅಲ್ಲ, ಡಬ್ಬಿಯಲ್ಲಿ. ಅದನ್ನು ಹೌಸಿಂಗ್ ಅಂತಾರೆ. ಒಳ್ಳೆಯ ಅಲ್ಯೂಮಿನಿಯಂ ಹೌಸಿಂಗ್ ಬೆಲೆಯೇ ನಿಮ್ಮ ಕ್ಯಾಮೆರಾ ಬೆಲೆಗಿಂತ ಜಾಸ್ತಿ. ಡೋಮ್‌ಗೆ ಬೇರೆ ಕೊಡಬೇಕು, ಜೂಮ್ ತಿರುಗಿಸುವ ಗೇರ್‌ಗೆ ಬೇರೆ. ಮತ್ತೆ ಪ್ರತಿ ಹೌಸಿಂಗ್ ಒಂದೇ ಮಾಡೆಲ್ ಕ್ಯಾಮೆರಾಗೆ ಅಚ್ಚು ಹಾಕಿದ್ದು. ಎರಡು ವರ್ಷ ಬಿಟ್ಟು ಕ್ಯಾಮೆರಾ ಬದಲಿಸಿದರೆ ಹೌಸಿಂಗ್ ಅಟ್ಟ ಸೇರುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ಸಮುದ್ರಕ್ಕೆ ಇಳಿಯುವವರಿಗೆ ಈ ದಾರಿ ಸರಿ. ಒಂದು ದಿನದ ನೇತ್ರಾಣಿಗೆ ಅಲ್ಲ.

ತಮ್ಮ ಹೇಳಿದ ಚೀಲ? ದಪ್ಪ ಪ್ಲಾಸ್ಟಿಕ್‌ನದು, ಮುಂದೆ ಚಪ್ಪಟೆ ಗಾಜು ಇರುವಂಥದ್ದು ಸಿಗುತ್ತದೆ. ಎಲ್ಲವೂ ಕೆಟ್ಟವಲ್ಲ. ಅದರಲ್ಲಿ 18-55 ಅನ್ನು 18ಕ್ಕೆ ಇಟ್ಟು ತೆಗೆದರೆ ಸಾಧಾರಣ ಫೋಟೊ ಬರುತ್ತದೆ. ತೊಂದರೆ ಏನು ಅಂದರೆ ಗಾಜು ಲೆನ್ಸಿಗೆ ನೇರ ನಿಲ್ಲದೆ ಓರೆಯಾಗುತ್ತದೆ, ಫೋಟೊದ ಮೂಲೆಗಳು ಕಪ್ಪಾಗುತ್ತವೆ, ಒಳಗಿನ ಗುಂಡಿಗಳು ಕೈಗೆ ಸಿಗುವುದಿಲ್ಲ. ನೀರು ನುಗ್ಗಿದರೆ ಬಾಡಿ, ಲೆನ್ಸ್ ಎರಡೂ ಒಟ್ಟಿಗೆ ಹೋಗುತ್ತವೆ. ಸಿಹಿನೀರಾದರೆ ಒಣಗಿಸಿ ನೋಡಬಹುದು. ಉಪ್ಪುನೀರು ಒಳಗಿನ ಬೋರ್ಡನ್ನು ತಿನ್ನಲು ಶುರು ಮಾಡುತ್ತದೆ, ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೂ ನಿಲ್ಲುವುದಿಲ್ಲ. ಅಕ್ಕಿಯ ಪುಡಿ ಲೆನ್ಸೊಳಗೆ ಹೋದದ್ದನ್ನೂ ನಾನು ಬಿಚ್ಚಿ ನೋಡಿದ್ದೇನೆ.

ನನ್ನದೇ ಕಥೆ ಕೇಳಿ. ಕೆಲವು ವರ್ಷಗಳ ಹಿಂದೆ ಬಾಡಿಗೆ ಹೌಸಿಂಗ್ ತಗೊಂಡು ದೋಣಿಯಲ್ಲಿ ಅವಸರದಲ್ಲಿ ಮುಚ್ಚಿದೆ. ಮುಚ್ಚಳದ ಸುತ್ತ ಕುಕ್ಕರ್ ಗ್ಯಾಸ್ಕೆಟ್‌ನಂಥ ರಬ್ಬರ್ ಉಂಗುರ ಇರುತ್ತದೆ, ಓ-ರಿಂಗ್. ಅದರ ಮೇಲೆ ನನ್ನದೇ ಒಂದು ತಲೆಗೂದಲು ಕೂತಿತ್ತು. ಹತ್ತು ನಿಮಿಷದಲ್ಲಿ ಡೋಮ್ ತಳದಲ್ಲಿ ಒಂದು ಚಮಚ ನೀರು. ಕಿಟ್ ಲೆನ್ಸ್ ಅವತ್ತೇ ಹೋಯಿತು, ಬಾಡಿ ಒಂದು ತಿಂಗಳು ನರಳಿ ಹೋಯಿತು. ಊರಿನ ಕ್ಯಾಮೆರಾಗಳನ್ನೆಲ್ಲ ರಿಪೇರಿ ಮಾಡುವವನ ಕ್ಯಾಮೆರಾ ಅದು! ಅದಕ್ಕೇ ಹೇಳುತ್ತೇನೆ, ಏನನ್ನೇ ಬಳಸಿ, ಹಿಂದಿನ ರಾತ್ರಿ ಮನೆಯಲ್ಲಿ ಅಥವಾ ಲಾಡ್ಜಿನಲ್ಲಿ, ಒಳ್ಳೆಯ ಬೆಳಕಿನಲ್ಲಿ ಮುಚ್ಚಿ. ಮಿರ್ಚಿ ಮಂಡಕ್ಕಿ ತಿಂದ ಕೈಯಲ್ಲಿ ಮುಟ್ಟಬೇಡಿ. ಮೊದಲ ಸಲ ಕ್ಯಾಮೆರಾ ಇಡದೆ, ಒಳಗೆ ಟಿಶ್ಯೂ ಪೇಪರ್ ಹಾಕಿ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಪೇಪರ್ ಒಣಗಿದ್ದರೆ ಮಾತ್ರ ಮುಂದಿನ ಮಾತು. ಈ ಪರೀಕ್ಷೆಗೆ ವಾಣಿ ವಿಲಾಸ ಸಾಗರಕ್ಕೋ ಶಾಂತಿಸಾಗರಕ್ಕೋ ಹೋಗಿ ನೀರಿಗೆ ಇಳಿಯಬೇಡಿ. ಅಪಾಯ ಒಂದು ಕಡೆ, ಕೆರೆಯ ಕದಡು ನೀರಿನಲ್ಲಿ ಏನೂ ಕಾಣದೆ ಕ್ಯಾಮೆರಾನೇ ಸರಿಯಿಲ್ಲ ಅಂದುಕೊಂಡು ಬರುತ್ತೀರಿ. ಊರಿನ ಈಜುಕೊಳ ಸಾಕು.

ಹಾಗಾದರೆ ಏನು ತಗೊಳ್ಳುವುದು? ನಿಮ್ಮ ಬಜೆಟ್‌ಗೆ ನನ್ನ ಉತ್ತರ ಒಂದು ಆಕ್ಷನ್ ಕ್ಯಾಮೆರಾ, ಗೋಪ್ರೋ ಥರದ್ದು. ಗೋಪ್ರೋದ ಮುಖ್ಯ ಮಾಡೆಲ್‌ಗಳು 2016ರಿಂದ ಈಚೆಗೆ ಬೇರೆ ಡಬ್ಬಿ ಇಲ್ಲದೆಯೇ ಹತ್ತು ಮೀಟರ್‌ವರೆಗೆ ನೀರು ತಡೆಯುತ್ತವೆ, ಬ್ಯಾಟರಿ ಬಾಗಿಲು ಸರಿಯಾಗಿ ಹಾಕಿದ್ದರೆ. ಲೆನ್ಸ್ ಬಹಳ ಅಗಲ. ಮುಂದಿನ ಗಾಜು ಚಪ್ಪಟೆ ಇರುವುದರಿಂದ ನೀರಿನಲ್ಲಿ ಆ ಅಗಲ ಸ್ವಲ್ಪ ಕುಗ್ಗಿ, ಬಾಗೂ ಕಡಿಮೆಯಾಗಿ ಹದಕ್ಕೆ ಬರುತ್ತದೆ. ಕೊರತೆಯೂ ಇದೆ. ಮೀನಿಗೆ ಒಂದು ಅಡಿಗಿಂತ ಹತ್ತಿರ ಹೋದರೆ ಫೋಕಸ್ ತಪ್ಪುತ್ತದೆ, ಎರಡು ಮೀಟರ್ ದೂರ ಹೋದರೆ ಮೀನು ಇರುವೆಯಷ್ಟಾಗುತ್ತದೆ. ನೀರೊಳಗೆ ಅದರ ಟಚ್ ಪರದೆ ಕೆಲಸ ಮಾಡುವುದಿಲ್ಲ, ಸೆಟ್ಟಿಂಗ್ ಎಲ್ಲ ದೋಣಿಯಲ್ಲೇ ಮುಗಿಸಿ. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ಬೇಕೆಂದರೆ ನಿಮ್ಮ ಡಿಎಸ್‌ಎಲ್‌ಆರ್ ಗುಣ ಇದರಲ್ಲಿ ಸಿಗದು.

ಇದಕ್ಕಿಂತ ನನಗೆ ಇಷ್ಟವಾದದ್ದು ಒಲಿಂಪಸ್ (ಈಗ ಓಎಂ ಸಿಸ್ಟಮ್) ಟಿಜಿ ಸಾಲಿನ ಪುಟ್ಟ ಕ್ಯಾಮೆರಾ. ಟಿಜಿ-6, ಟಿಜಿ-7 ಹದಿನೈದು ಮೀಟರ್ ತಡೆಯುತ್ತವೆ, ಒಂದು ಸೆಂಟಿಮೀಟರ್‌ವರೆಗೂ ಫೋಕಸ್ ಆಗುತ್ತವೆ, ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಚಿತ್ರ) ಕೊಡುತ್ತವೆ. ಅಂಗಡಿಯವರ ಮ್ಯಾಕ್ರೋ ಆಸೆಯೂ ತೀರುತ್ತದೆ. ಆದರೆ ಹೊಸದು ನಿಮ್ಮ ಬಜೆಟ್ ಮೀರುತ್ತದೆ. ಸೆಕೆಂಡ್ ಹ್ಯಾಂಡ್ ಅಂತ ಕೊಳ್ಳಲು ಹೋಗಬೇಡಿ. ಒಳಗಿನ ರಬ್ಬರ್‌ಗೆ ಎಷ್ಟು ವಯಸ್ಸಾಗಿದೆ ಅಂತ ಹೊರಗಿನಿಂದ ನನಗೂ ಹೇಳಲು ಆಗುವುದಿಲ್ಲ.

ಫೋನ್ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ನೀರು, ಧೂಳು ತಡೆಯುತ್ತದೆ ಅನ್ನುವ ಐಪಿ68 ಗುರುತು ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆಯದು. ಸಮುದ್ರಕ್ಕೆ ಅದು ಭರವಸೆ ಅಲ್ಲ.

ಒಂದು ಸಣ್ಣ ಅಡ್ಡಮಾತು. ನೀರಿಗಾಗಿಯೇ ಹುಟ್ಟಿದ ಲೆನ್ಸ್‌ಗಳು ಒಂದು ಕಾಲದಲ್ಲಿದ್ದವು. ನಿಕಾನ್ ಕಂಪನಿ 1963ರಲ್ಲಿ ನಿಕೋನೋಸ್ ಅನ್ನುವ ಕ್ಯಾಮೆರಾ ತಂದಿತು. ಅದರ 28 ಮಿ.ಮೀ. ಲೆನ್ಸಿನ ಮುಂದಿನ ಗಾಜು ನೇರ ನೀರಿಗೇ ತಾಗುತ್ತಿತ್ತು. ನೀರೊಳಗೆ ಹರಳಿನಂಥ ಫೋಟೊ, ದಡಕ್ಕೆ ತಂದರೆ ಮಸುಕು. 2001ರಲ್ಲಿ ಆ ಸಾಲು ನಿಂತಿತು. ಈಗಲೂ ಯಾರಾದರೂ ಅದನ್ನು ತಂದು ಟೇಬಲ್ ಮೇಲಿಟ್ಟರೆ ನಾನು ಊಟ ಬಿಟ್ಟು ನೋಡುತ್ತಾ ಕೂರುತ್ತೇನೆ.

ನೀರಿಗೆ ಇಳಿದ ಮೇಲಿನ ಮಾತು. ಲೈಫ್ ಜಾಕೆಟ್ ಬಿಚ್ಚಬೇಡಿ. ಅದು ಇದ್ದರೆ ಮುಳುಗಲು ಆಗುವುದಿಲ್ಲ, ಮೇಲಿಂದ ತೆಗೆದರೆ ಎಲ್ಲ ಮೀನಿನ ಬೆನ್ನೇ ಬರುತ್ತದೆ. ಇದಕ್ಕೆ ಉಪಾಯ, ಒಂದು ಚಿಕ್ಕ ಕೋಲಿಗೆ ಕ್ಯಾಮೆರಾ ಸಿಕ್ಕಿಸಿ ಕೈ ಕೆಳಗೆ ಚಾಚಿ, ಮೀನಿನ ಮಟ್ಟಕ್ಕೆ ತಂದು ಕ್ಲಿಕ್ ಮಾಡುವುದು. ಆಗ ನೀವು ಪರದೆ ನೋಡಿರುವುದಿಲ್ಲ, ಅಂದಾಜಿನ ಮೇಲೆ ಹೊಡೆಯುತ್ತೀರಿ. ಅಗಲ ಲೆನ್ಸ್ ಇದ್ದರೆ ಗುರಿ ಸ್ವಲ್ಪ ತಪ್ಪಿದರೂ ಮೀನು ಒಳಗೇ ಇರುತ್ತದೆ. ಸ್ನಾರ್ಕೆಲಿಂಗ್‌ನಲ್ಲಿ ವೈಡ್ ಬೇಕು ಅನ್ನಲು ಇದು ಎರಡನೇ ಕಾರಣ. ಮೀನಿನ ಹಿಂದೆ ಈಜಬೇಡಿ, ಬಾಲ ಮಾತ್ರ ಸಿಗುತ್ತದೆ. ಹಕ್ಕಿಗೆ ಕಾಯುವ ಹಾಗೆ ಒಂದು ಕಡೆ ಸುಮ್ಮನೆ ತೇಲುತ್ತಿರಿ, ಅವೇ ಸುತ್ತು ಹೊಡೆದು ಬರುತ್ತವೆ. ಈ ತಾಳ್ಮೆ ನಿಮಗೆ ಹೊಸದಲ್ಲ.

ಸೂರ್ಯ ನೆತ್ತಿಯ ಹತ್ತಿರ ಇದ್ದಾಗ ಬೆಳಕು ನೀರೊಳಗೆ ಚೆನ್ನಾಗಿ ಇಳಿಯುತ್ತದೆ. ಬಿಸಿಲು ನಿಮ್ಮ ಬೆನ್ನಿಗಿರಲಿ. ಕ್ಯಾಮೆರಾ ಕೇಳಿದರೆ ಶಟರ್ ಸ್ಪೀಡ್ 1/250 ಸೆಕೆಂಡಿಗಿಂತ ನಿಧಾನ ಬೇಡ, ಯಾಕೆಂದರೆ ನೀವೂ ಅಲ್ಲಾಡುತ್ತೀರಿ, ಮೀನೂ ಅಲ್ಲಾಡುತ್ತದೆ. ಕ್ಯಾಮೆರಾದೊಳಗಿನ ಫ್ಲ್ಯಾಶ್ ಆಫ್ ಮಾಡಿ. ಧೂಳೆದ್ದ ಹಳ್ಳಿ ರಸ್ತೆಯಲ್ಲಿ ಬಸ್ಸಿನ ಹೈಬೀಮ್ ಹಾಕಿದರೆ ರಸ್ತೆ ಬದಲು ಧೂಳೇ ಬೆಳಗುತ್ತದಲ್ಲ, ನೀರೊಳಗೂ ಹಾಗೇ. ನೀವು ಹೆದರುವ ಚುಕ್ಕೆ ಚುಕ್ಕೆ ಬರುವುದು ಇದರಿಂದಲೇ. ಕೆಂಪು ಫಿಲ್ಟರ್ ಈ ಆಳಕ್ಕೆ ಬೇಡ, ರಾ ಫೈಲ್ ಇದ್ದರೆ ಬಣ್ಣ ಆಮೇಲೆ ಸರಿ ಮಾಡಿಕೊಳ್ಳಬಹುದು. ಫೋಟೊಗಾಗಿ ಹವಳದ ಮೇಲೆ ಕಾಲಿಡಬೇಡಿ, ತುಂಡು ಕಿತ್ತು ತರಬೇಡಿ. ಗಟ್ಟಿ ಹವಳಗಳಿಗೆ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಂಥದೇ ಮೊದಲ ಪಟ್ಟಿಯ ರಕ್ಷಣೆ ಇದೆ. ವಾಪಸ್ ಬಂದ ಕೂಡಲೇ ಕ್ಯಾಮೆರಾವನ್ನು ಬಾಗಿಲು ತೆಗೆಯದೆ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒರೆಸಿ, ಆಮೇಲೆ ತೆರೆಯಿರಿ.

ನಿಮ್ಮ ಡಿಎಸ್‌ಎಲ್‌ಆರ್ ಮನೆಯಲ್ಲಿ ಬಿಡಬೇಕಿಲ್ಲ. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ಒಳಗಿದೆ, ಅದಕ್ಕೆ ಪಾರಿವಾಳ ದ್ವೀಪ ಅಂತಲೂ ಹೆಸರು. ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ಜಾಗ. ದೋಣಿಯಲ್ಲಿ ಹೋಗುವಾಗ 55-250 ಹಾಕಿಕೊಂಡು ಆಕಾಶ ನೋಡುತ್ತಿರಿ. ದೋಣಿಯಲ್ಲಿ ಲೆನ್ಸ್ ಮಾತ್ರ ಬದಲಿಸಬೇಡಿ, ತುಂತುರು ಒಳಗೆ ಹೋಗುತ್ತದೆ.

ಕೊನೆಗೆ ಕನ್ನಡಕ. ಮಾಸ್ಕ್ ಒಳಗೆ ಕನ್ನಡಕ ಹಾಕಲು ಆಗುವುದಿಲ್ಲ, ಕಡ್ಡಿ ಬದಿಯಿಂದ ನೀರು ನುಗ್ಗುತ್ತದೆ. ಪವರ್ ಗಾಜು ಕೂರಿಸಿದ ಸ್ನಾರ್ಕೆಲ್ ಮಾಸ್ಕ್ ರೆಡಿಮೇಡ್ ಸಿಗುತ್ತದೆ, ಸಾಮಾನ್ಯವಾಗಿ ಅರ್ಧ ಅರ್ಧ ಪವರ್ ಅಂತರದಲ್ಲಿ. ಮೈನಸ್ ಎರಡೂವರೆ ಸುಲಭವಾಗಿ ಸಿಗುವ ನಂಬರ್. ಎರಡೂ ಕಣ್ಣಿಗೆ ಒಂದೇ ಪವರ್ ತಾನೇ? ಬೇರೆ ಬೇರೆ ಇದ್ದರೆ ಎಡ, ಬಲ ಗಾಜು ಬೇರೆ ಬೇರೆ ಹಾಕಿಕೊಡುವ ಮಾಸ್ಕನ್ನೇ ಕೇಳಿ. ನವೆಂಬರ್‌ನಲ್ಲೇ ತರಿಸಿಕೊಂಡು, ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆದು ನೋಡಿ. ಅಂಟಿಕೊಂಡು ನಿಂತರೆ ಅಳತೆ ಸರಿ ಇದೆ. ಕೆಳಗೆ ಬಿದ್ದರೆ ಬೇರೆ ಸೈಜ್ ತಗೊಳ್ಳಿ.